ಬಿಐಎಂಗೆ ದುಡ್ಡು ಸುರಿಯೋ ಮುಂಚೆ ಲೆಕ್ಕ ಹಾಕೋದು ಹೇಗೆ

ಕಟ್ಟಡದ ಬಿಐಎಂ ಮಾಡೆಲ್‌ನ ಸ್ಕ್ರೀನ್ ಮೇಲೆ ತಿರುಗಿಸಿ ತೋರಿಸಿದಾಗ ಬೇಡ ಅನ್ನೋರು ಯಾರೂ ಇರಲ್ಲ, ಪೈಪ್ ನೀಲಿ, ಎಸಿ ಗಾಳಿ ಹೋಗೋ ಡಕ್ಟ್ ಹಸಿರು, ಬೀಮ್ ಬೂದಿ ಬಣ್ಣ, ನೋಡೋಕೆ ಚಂದವೇ. ಆಮೇಲೆ ಕೊಟೇಶನ್ ಬಂದಾಗ ಅದೇ ಜನ "ಇಷ್ಟು ವರ್ಷ ಆಟೊಕ್ಯಾಡ್ ಡ್ರಾಯಿಂಗಲ್ಲೇ ಕಟ್ಲಿಲ್ವಾ" ಅಂತಾರೆ. ಎರಡೂ ಲೆಕ್ಕ ಹಾಕದೆ ಆಡೋ ಮಾತು. ನಾನು ಕೆಲವು ವರ್ಷ ಸೈಟಲ್ಲಿ, ಆಮೇಲೆ ಬೇರೆ ಬೇರೆಯವರ ಡ್ರಾಯಿಂಗ್ ಒಂದಕ್ಕೊಂದು ಹೊಂದಿಸೋ ಕೋಆರ್ಡಿನೇಶನ್ ಕೆಲಸದಲ್ಲಿ ಇದ್ದವನು, ಮಾಡೆಲ್‌ನಿಂದ ದುಡ್ಡು ಉಳಿದಿದ್ದನ್ನೂ ನೋಡಿದೀನಿ, ಮಾಡೆಲ್‌ಗೇ ದುಡ್ಡು ಹೋಗಿದ್ದನ್ನೂ ನೋಡಿದೀನಿ. ಹಾಗಾಗಿ ಕೂತು ಹೇಗೆ ಲೆಕ್ಕ ಹಾಕ್ಬೇಕು ಅನ್ನೋದನ್ನ ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೀತೀನಿ.

ಬಿಐಎಂ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡೇ ಮಾತು. ಸಾಮಾನ್ಯ ಡ್ರಾಯಿಂಗಲ್ಲಿ ಗೋಡೆ ಅಂದ್ರೆ ಎರಡು ಗೆರೆ. ಬಿಐಎಂನಲ್ಲಿ ಗೋಡೆ ಅಂದ್ರೆ ಗೋಡೆನೇ, ಅದಕ್ಕೆ ಎತ್ತರ, ದಪ್ಪ, ಯಾವ ಮಹಡಿ, ಯಾವ ಮೆಟೀರಿಯಲ್ ಎಲ್ಲಾ ಗೊತ್ತಿರುತ್ತೆ, ಒಂದು ಕಡೆ ಬದಲಾಯಿಸಿದ್ರೆ ಪ್ಲಾನ್, ಸೆಕ್ಷನ್, ಕ್ವಾಂಟಿಟಿ ಎಲ್ಲಾ ಕಡೆ ಬದಲಾಗುತ್ತೆ. ಇದೇನು ಹೊಸ ಐಡಿಯಾ ಅಲ್ಲ, ಡ್ರಾಯಿಂಗ್ ಬದಲು ಕಂಪ್ಯೂಟರ್‌ನಲ್ಲೇ ಕಟ್ಟಡದ ವಿವರಣೆ ಇಡಬಹುದು ಅಂತ ಚಕ್ ಈಸ್ಟ್‌ಮನ್ ಅನ್ನೋ ಅಮೆರಿಕದ ಪ್ರೊಫೆಸರ್ ಬರೆದಿದ್ದು 1975ರಲ್ಲಿ. ರೆವಿಟ್ ಅನ್ನೋ ಬಿಐಎಂ ಸಾಫ್ಟ್‌ವೇರ್ ಮಾರ್ಕೆಟ್‌ಗೆ ಬಂದಿದ್ದು 2000ದಲ್ಲಿ, ಆಟೊಕ್ಯಾಡ್ ಮಾಡೋ ಆಟೊಡೆಸ್ಕ್ ಕಂಪನಿ ಅದನ್ನ ಕೊಂಡ್ಕೊಂಡಿದ್ದು 2002ರಲ್ಲಿ. ಇಷ್ಟು ಹಳೇದಾದ್ರೂ ಲಾಭನಾ ನಷ್ಟನಾ ಅನ್ನೋ ಜಗಳ ಮುಗಿದಿಲ್ಲ, ಯಾಕಂದ್ರೆ ದುಡ್ಡು ಹಾಕೋನು ಒಬ್ಬ, ಅದರ ಲಾಭ ಸೇರೋದು ಇನ್ನೊಬ್ಬನಿಗೆ. ಈ ಮಾತು ಮುಂದೆ ಮತ್ತೆ ಬರುತ್ತೆ.

ಇನ್ನೊಂದು, ಕೆಲವು ಕಡೆ ಬೇಕಾ ಬೇಡವಾ ಅನ್ನೋ ಆಯ್ಕೆನೇ ಇರಲ್ಲ. ಬ್ರಿಟನ್ ಸರ್ಕಾರ 2011ರಲ್ಲಿ ಘೋಷಿಸಿ 2016ರಿಂದ ತನ್ನ ಕೇಂದ್ರ ಸರ್ಕಾರಿ ಪ್ರಾಜೆಕ್ಟ್‌ಗಳಿಗೆ ಕಡ್ಡಾಯ ಮಾಡ್ತು, ಸಿಂಗಾಪುರ 2015ರ ಹೊತ್ತಿಗೆ 5000 ಚದರ ಮೀಟರ್ ಮೇಲಿನ ಹೊಸ ಕಟ್ಟಡಗಳ ಅನುಮೋದನೆಗೆ ಮಾಡೆಲ್ ಕೇಳೋಕೆ ಶುರು ಮಾಡ್ತು. ಅಂಥ ಕಡೆ ಕೆಲಸ ಮಾಡೋರಿಗೆ ಪ್ರಶ್ನೆ ಬರೀ "ಎಷ್ಟು ಮಟ್ಟಕ್ಕೆ" ಅನ್ನೋದು. ಲೆಕ್ಕ ಅವರಿಗೂ ಇದೇ.

1. ಮಾಡೆಲ್ ಏನಕ್ಕೆ ಅಂತ ಮೊದಲು ಬರ್ಕೊಳ್ಳಿ

ಒಂದು ಹಾಳೆ ತಗೊಂಡು "ಈ ಮಾಡೆಲ್ ನಮಗೆ ಇಂಥ ಪ್ರಶ್ನೆಗೆ ಉತ್ತರ ಕೊಡ್ಬೇಕು" ಅಂತ ಬರೀರಿ. ಪೈಪು ಬೀಮು ಒಂದಕ್ಕೊಂದು ಹೊಡೀತಾವಾ? ಕಾಂಕ್ರೀಟ್ ಎಷ್ಟು ಘನ ಮೀಟರ್? ಯಾವ ಮಹಡಿ ಯಾವ ವಾರ ಮುಗಿಯುತ್ತೆ? ಕಟ್ಟಡ ಕೈಗೆ ಬಂದ ಮೇಲೆ ಯಾವ ವಾಲ್ವ್ ಎಲ್ಲಿದೆ? ಇವು ಒಂದೊಂದಕ್ಕೂ ಬೇರೆ ಬೇರೆ ಥರ ಮಾಡೆಲ್ ಮಾಡ್ಬೇಕು, ಬೇರೆ ಬೇರೆ ಖರ್ಚು. ಕ್ಲ್ಯಾಶ್ (ಒಂದಕ್ಕೊಂದು ಹೊಡೆಯೋದು) ನೋಡೋಕೆ ಮಾಡಿದ ಮಾಡೆಲ್‌ನಿಂದ ಬಿಓಕ್ಯೂ (ಕ್ವಾಂಟಿಟಿ ಪಟ್ಟಿ) ತೆಗೀತೀನಿ ಅಂತ ಹೊರಟ್ರೆ ಪ್ಲಾಸ್ಟರ್ ಇರಲ್ಲ, ಫಾರ್ಮ್‌ವರ್ಕ್ (ಸೆಂಟ್ರಿಂಗ್) ಇರಲ್ಲ, ಕಾಲಂ ಒಳಗೇ ಗೋಡೆ ತೂರಿಸಿರ್ತಾರೆ, ಹಾಗಾಗಿ ಕ್ವಾಂಟಿಟಿ ಎರಡೆರಡು ಸಲ ಬರುತ್ತೆ.

"ಎಲ್ಲಾ ಬೇಕು" ಅಂತ ಬರೆದ್ರೆ ಏನೂ ಬರೆದಂಗಲ್ಲ. ನಾನಿದ್ದ ಒಂದು ಪ್ರಾಜೆಕ್ಟಲ್ಲಿ ಮಾಲೀಕರು ಪೂರ್ತಿ ಡೀಟೇಲ್ ಕೇಳಿದ್ರು, ನಮ್ಮ ಹುಡುಗರು ಬಾಗಿಲ ಹಿಂಜ್‌ಗೆ ಸ್ಕ್ರೂ ಸಮೇತ ಮಾಡೆಲ್ ಮಾಡಿದ್ರು, ನೂರಾರು ಬಾಗಿಲು, ಫೈಲ್ ಓಪನ್ ಆಗೋಷ್ಟರಲ್ಲಿ ಹೊರಗೆ ಹೋಗಿ ಟೀ ಕುಡ್ಕೊಂಡು ಬರಬಹುದಿತ್ತು. ಆ ಸ್ಕ್ರೂ ಯಾರೂ ನೋಡ್ಲಿಲ್ಲ. ಅದೇ ಮಾಡೆಲಲ್ಲಿ ಶಾಫ್ಟ್ (ಪೈಪ್‌ಗಳು ಮಹಡಿಯಿಂದ ಮಹಡಿಗೆ ಇಳಿಯೋ ಜಾಗ) ಒಳಗಿನ ಪೈಪ್‌ಗೆ ಇನ್ಸುಲೇಶನ್ ದಪ್ಪನೇ ಹಾಕಿರ್ಲಿಲ್ಲ, ಸೈಟಲ್ಲಿ ಪೈಪ್ ಹಿಡಿಸ್ಲಿಲ್ಲ.

2. ಎಷ್ಟು ಡೀಟೇಲ್ ಅನ್ನೋದನ್ನ ಪ್ರತಿ ಐಟಂಗೂ ಬೇರೆ ನಿರ್ಧಾರ ಮಾಡಿ

ಇದಕ್ಕೆ ಎಲ್‌ಒಡಿ (ಲೆವೆಲ್ ಆಫ್ ಡೆವಲಪ್‌ಮೆಂಟ್) ಅಂತ ಅಳತೆ ಇದೆ, 100, 200, 300, 350, 400, 500. 100 ಅಂದ್ರೆ ಬರೀ ಗುರುತು, 200 ಅಂದಾಜು ಆಕಾರ, 300 ನಿಜವಾದ ಅಳತೆ ಮತ್ತು ಜಾಗ, 350ರಲ್ಲಿ ಪಕ್ಕದ ಐಟಂ ಜೊತೆ ಸೇರೋ ಸಪೋರ್ಟು ಕನೆಕ್ಷನ್ ಎಲ್ಲಾ ಬರುತ್ತೆ, 400 ಅಂದ್ರೆ ಫ್ಯಾಬ್ರಿಕೇಶನ್‌ಗೆ ಕಳಿಸೋ ಮಟ್ಟ. 500ನ್ನ "400ಕ್ಕಿಂತ ಜಾಸ್ತಿ ಡೀಟೇಲ್" ಅಂತ ತುಂಬಾ ಜನ ತಿಳ್ಕೊಂಡಿದಾರೆ, ಅದು ತಪ್ಪು, ಸೈಟಲ್ಲಿ ಹೋಗಿ ಅಳೆದು ತಾಳೆ ನೋಡಿದ್ದು ಅಂತ ಅದರ ಅರ್ಥ.

ಕ್ಲ್ಯಾಶ್ ತಪ್ಪಿಸೋದೇ ಉದ್ದೇಶ ಆದ್ರೆ ಡಕ್ಟ್, ದೊಡ್ಡ ಪೈಪ್, ಕೇಬಲ್ ಟ್ರೇ, ಬೀಮ್‌ಗೆ 350 ಕೇಳಿ, ಪೀಠೋಪಕರಣಕ್ಕೆ 200 ಸಾಕು. ಸಣ್ಣ ವೈರಿಂಗ್ ಪೈಪ್‌ಗಳನ್ನ ಎಲೆಕ್ಟ್ರಿಷಿಯನ್ ಸೈಟಲ್ಲೇ ಬಗ್ಗಿಸ್ಕೊಂಡು ಹೋಗ್ತಾನೆ, ಅದನ್ನೆಲ್ಲ ಮಾಡೆಲ್ ಮಾಡ್ಸೋದು ನನ್ನ ಪ್ರಕಾರ ದಂಡ.

3. ಖರ್ಚಿನ ಪಟ್ಟಿ, ಕಾಣೋದು ಮತ್ತು ಕಾಣದೇ ಇರೋದು

ಸಾಫ್ಟ್‌ವೇರ್ ಬೆಲೆ ಎಲ್ಲರ ಕಣ್ಣಿಗೂ ಬೀಳುತ್ತೆ. ಆಟೊಡೆಸ್ಕ್ 2016ರಲ್ಲಿ ಒಂದೇ ಸಲ ಕೊಂಡ್ಕೊಳ್ಳೋ ಹೊಸ ಲೈಸೆನ್ಸ್ ಮಾರೋದು ನಿಲ್ಲಿಸಿಬಿಡ್ತು, ಅಲ್ಲಿಂದ ಚಂದಾ ಕಟ್ತಾ ಇರ್ಬೇಕು, ವರ್ಷದ ಚಂದಾ ಆದ್ರೆ ಕೆಲಸ ಇಲ್ಲದ ತಿಂಗಳಿಗೂ ಸೇರಿಸಿ. ಜೊತೆಗೆ ರೆವಿಟ್ ಫೈಲ್ ಒಂದ್ಸಲ ಹೊಸ ವರ್ಶನ್‌ನಲ್ಲಿ ಸೇವ್ ಆದ್ರೆ ಹಳೇ ವರ್ಶನಲ್ಲಿ ಓಪನ್ ಆಗಲ್ಲ, ಅಂದ್ರೆ ಕನ್ಸಲ್ಟೆಂಟ್‌ಗಳಲ್ಲಿ ಯಾರೋ ಒಬ್ಬರು ತಿಳಿಯದೆ ಅಪ್‌ಗ್ರೇಡ್ ಮಾಡಿದ್ರೆ ಎಲ್ಲರೂ ಮಾಡ್ಬೇಕು, ಇಲ್ಲಾ ಆ ಫೈಲ್ ವಾಪಸ್ ಕಳಿಸಿ ಹಳೇ ಬ್ಯಾಕಪ್‌ನಿಂದ ಮತ್ತೆ ಕೆಲಸ ಮಾಡಿಸ್ಬೇಕು. ಹಾಗಾಗಿ ವರ್ಶನ್ ಯಾವುದು ಅಂತ ಮೊದಲ ಮೀಟಿಂಗಲ್ಲೇ ಬರೆದಿಡಿ. ಹಾರ್ಡ್‌ವೇರ್ ಬಗ್ಗೆ ಜಾಸ್ತಿ ಹೇಳಲ್ಲ, ರ‍್ಯಾಮ್‌ನಲ್ಲಿ ಜಿಪುಣತನ ಮಾಡ್ಬೇಡಿ ಅಷ್ಟೇ.

ಕಾಣದೇ ಇರೋ ಖರ್ಚೇ ದೊಡ್ಡದು. ಟ್ರೇನಿಂಗ್ ಫೀಸ್ ಅಲ್ಲ, ಟ್ರೇನಿಂಗ್ ಆದ ಮೇಲೂ ಕೆಲವು ತಿಂಗಳು ಹಳೇ ಸ್ಪೀಡ್ ಬರಲ್ಲ, ಆ ನಿಧಾನಕ್ಕೆ ಕೊಡೋ ಸಂಬಳ. ಟೆಂಪ್ಲೇಟ್, ಲೈಬ್ರರಿ, ಹೆಸರಿಡೋ ಕ್ರಮ ಇವನ್ನೆಲ್ಲ ಒಬ್ಬ ಅನುಭವಸ್ಥ ಕೂತು ಮಾಡ್ಬೇಕು, ಅವನು ಆ ಟೈಮಲ್ಲಿ ಬೇರೆ ಪ್ರಾಜೆಕ್ಟ್‌ಗೆ ಸಿಗಲ್ಲ. ಆಮೇಲೆ ಕಲಿತ ಹುಡುಗ ಬೇರೆ ಕಡೆ ಜಾಸ್ತಿ ಸಂಬಳ ಸಿಕ್ತು ಅಂತ ಹೊರಟೋಗ್ತಾನೆ, ಇದನ್ನ ಯಾರೂ ಲೆಕ್ಕಕ್ಕೆ ಹಾಕಲ್ಲ, ಆದ್ರೆ ಆಗೋದು ಇದೇ.

ಮೀಟಿಂಗ್ ಖರ್ಚು ಒಂದ್ಸಲ ಲೆಕ್ಕ ಹಾಕಿ ನೋಡಿ. ವಾರಕ್ಕೊಂದು ಕೋಆರ್ಡಿನೇಶನ್ ಮೀಟಿಂಗ್, ಎಂಟು ಜನ, ಎರಡು ಗಂಟೆ, 30 ವಾರ. 480 ಗಂಟೆ ಆಯ್ತು, ದಿನಕ್ಕೆ ಎಂಟು ಗಂಟೆ ಅಂದ್ರೆ 60 ಆಳುದಿನ, ಅದೂ ದುಬಾರಿ ಆಳುಗಳದ್ದು. ಆ ಎಂಟು ಜನದಲ್ಲಿ ನಿರ್ಧಾರ ತಗೊಳ್ಳೋ ಅಧಿಕಾರ ಯಾರಿಗೂ ಇಲ್ಲ ಅಂದ್ರೆ ಅಷ್ಟೂ ನೀರಲ್ಲಿ ಹೋಮ.

ಪಟ್ಟಿ ಆದ ಮೇಲೆ ಎರಡು ಭಾಗ ಮಾಡಿ: ಒಂದೇ ಸಲ ಆಗೋ ಖರ್ಚು ಒಂದು ಕಡೆ, ಪ್ರತಿ ಪ್ರಾಜೆಕ್ಟಿಗೂ ಆಗೋ ಖರ್ಚು ಇನ್ನೊಂದು ಕಡೆ. ಇವೆರಡನ್ನ ಕಲಸಿಬಿಟ್ರೆ ಮುಂದಿನ ಲೆಕ್ಕ ಯಾವುದೂ ಸರಿ ಬರಲ್ಲ.

4. ಲಾಭನ ನಿಮ್ಮ ಹಳೇ ಫೈಲ್‌ಗಳಲ್ಲಿ ಹುಡುಕಿ

ಮಾರೋರು ಕೊಡೋ ಪರ್ಸೆಂಟೇಜ್ ನಂಬೋಕೆ ಹೋಗ್ಬೇಡಿ, ಅದು ಯಾವುದೋ ಕಟ್ಟಡದ್ದು, ಯಾರೋ ಎಣಿಸಿದ್ದು. ನಿಮ್ಮ ಹಿಂದಿನ ಎರಡೋ ಮೂರೋ ಪ್ರಾಜೆಕ್ಟ್‌ಗಳ ಆರ್‌ಎಫ್‌ಐ (ಡ್ರಾಯಿಂಗ್ ಅರ್ಥ ಆಗದಾಗ ಸೈಟಿಂದ ಬರೆದು ಕೇಳೋ ಪ್ರಶ್ನೆ), ಎಕ್ಸ್‌ಟ್ರಾ ಐಟಂ ಬಿಲ್ (ಅಗ್ರಿಮೆಂಟಲ್ಲಿ ಇಲ್ಲದ ಕೆಲಸದ್ದು), ಒಡೆದು ಕಟ್ಟಿದ ರೆಕಾರ್ಡ್ ತೆಗೀರಿ. ಪ್ರತಿಯೊಂದಕ್ಕೂ ಕಾರಣ ಬರೀರಿ. ಮಾಲೀಕರ ಮನಸ್ಸು ಬದಲಾಗಿದ್ದು, ಮಣ್ಣಲ್ಲಿ ಬಂಡೆ ಸಿಕ್ಕಿದ್ದು, ಮೆಟೀರಿಯಲ್ ಲೇಟಾಗಿದ್ದು, ಮೇಸ್ತ್ರಿ ತಪ್ಪು ಓದಿದ್ದು, ಇವಕ್ಕೆಲ್ಲ ಮಾಡೆಲ್ ಏನೂ ಮಾಡಕ್ಕಾಗಲ್ಲ, ಮಾಡಿದ್ರೂ ಸ್ವಲ್ಪ. ಒಬ್ಬರ ಡ್ರಾಯಿಂಗ್ ಇನ್ನೊಬ್ಬರ ಡ್ರಾಯಿಂಗ್‌ಗೆ ಹೊಂದದೇ ಆದ ನಷ್ಟ ಇರುತ್ತಲ್ಲ, ಅದು ಮಾತ್ರ ಬಿಐಎಂ ಖಾತೆಗೆ.

ಹೊಂದದೇ ಇರೋದು ಅಂದ್ರೆ ಹೇಗಿರುತ್ತೆ ಅಂತ ಒಂದು ಉದಾಹರಣೆನ ಹತ್ತಿರದಿಂದ ತೋರಿಸ್ತೀನಿ. ಬೀಮ್ ತಳದಿಂದ ಫಾಲ್ಸ್ ಸೀಲಿಂಗ್‌ವರೆಗೆ 450 ಮಿಮೀ ಜಾಗ. ಎಸಿ ಡಕ್ಟ್ 300, ಮೇಲೆ ಕೆಳಗೆ 25-25 ಇನ್ಸುಲೇಶನ್, ಒಟ್ಟು 350. ಉಳಿದ 100ರಲ್ಲಿ ಸೀಲಿಂಗ್ ಫ್ರೇಮು, ಲೈಟು. ಎಸಿಯವರ ಡ್ರಾಯಿಂಗ್ ಸರಿಯಾಗಿದೆ. ಮೇಲಿನ ಮಹಡಿ ಟಾಯ್ಲೆಟ್‌ನ 110 ಮಿಮೀ ಡ್ರೈನ್ ಪೈಪ್ ಅದೇ ಬೀಮ್‌ಗಳ ಕೆಳಗಿಂದ 12 ಮೀಟರ್ ದೂರದ ಶಾಫ್ಟ್‌ಗೆ ಹೋಗ್ಬೇಕು, ಪ್ಲಂಬಿಂಗ್ ಡ್ರಾಯಿಂಗಲ್ಲಿ ಒಂದು ಗೆರೆ, ಪಕ್ಕದಲ್ಲಿ 1:100 ಅಂತ ಬಾಣದ ಗುರುತು. ಅದೂ ಸರಿಯಾಗೇ ಇದೆ. ಆದ್ರೆ 12 ಮೀಟರ್‌ಗೆ 1:100 ಸ್ಲೋಪ್ ಅಂದ್ರೆ 120 ಮಿಮೀ ಇಳಿಯುತ್ತೆ, ಶಾಫ್ಟ್ ಹತ್ರ ಪೈಪಿನ ತಳ ಬೀಮ್‌ನಿಂದ 230 ಕೆಳಗೆ. ಅಲ್ಲೇ ಡಕ್ಟ್ ಅಡ್ಡ ಬಂದ್ರೆ 230ಕ್ಕೆ 350 ಸೇರಿ 580, ಇರೋದು 450. ಎಸಿ, ಪ್ಲಂಬಿಂಗ್, ಸ್ಟ್ರಕ್ಚರ್ ಮೂವರೂ ಸರಿ, ಆದ್ರೂ ಕಟ್ಟೋಕಾಗಲ್ಲ. ಪ್ಲಾನಲ್ಲಿ ಇದು ಎರಡು ಗೆರೆ ಅಡ್ಡ ಹಾದಂಗೆ ಕಾಣುತ್ತೆ, ಅಷ್ಟೇ.

ಇದು ಸೆಂಟ್ರಿಂಗ್ ಹೊಡೆಯೋ ಮುಂಚೆ ಗೊತ್ತಾದ್ರೆ ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪೋ ಜಾಗದಲ್ಲಿ ಬೀಮ್‌ನಲ್ಲಿ ಸ್ಲೀವ್ (ಪೈಪ್ ಹಾಯೋಕೆ ಮುಂಚೆನೇ ಬಿಡೋ ತೂತು) ಬಿಟ್ರೆ ಮುಗೀತು, ಖರ್ಚು ಒಂದು ತುಂಡು ಪೈಪು. ಕಾಂಕ್ರೀಟ್ ಆದ ಮೇಲೆ ಗೊತ್ತಾದ್ರೆ ಕಂಬಿ ಎಲ್ಲಿದೆ ಅಂತ ಸ್ಕ್ಯಾನ್, ಕಾಂಕ್ರೀಟ್ ಕೊರೆಯೋ ಕೋರ್ ಕಟಿಂಗ್, ಇಂಜಿನಿಯರ್ ಹತ್ರ ಬೇಡ್ಕೊಳ್ಳೋದು, ಅವರು ಆಗಲ್ಲ ಅಂದ್ರೆ ಸೀಲಿಂಗ್ ಕೆಳಗಿಳಿಸೋದು, ಸೀಲಿಂಗ್ ಇಳಿದ್ರೆ ಕಿಟಕಿಯ ಮೇಲಂಚಿಗೆ ಬಡಿಯೋದು. ಬಿಐಎಂ ಲಾಭ ಅನ್ನೋದು ಈ ಎರಡರ ನಡುವಿನ ವ್ಯತ್ಯಾಸ. ಹಳೇ ಫೈಲಲ್ಲಿ ಇಂಥವು ಎಷ್ಟಿದ್ವು, ಒಂದೊಂದಕ್ಕೂ ಎಷ್ಟು ದಿನ ಎಷ್ಟು ದುಡ್ಡು ಹೋಯ್ತು ಅಂತ ಕೂಡಿಸಿ.

ಒಂದು ಎಚ್ಚರಿಕೆ. ಸಾಫ್ಟ್‌ವೇರ್ "5000 ಕ್ಲ್ಯಾಶ್ ಸಿಕ್ತು" ಅಂತ ರಿಪೋರ್ಟ್ ಕೊಟ್ರೆ 5000 ಸಮಸ್ಯೆ ತಪ್ಪಿಸಿದ್ವಿ ಅಂತ ಬೀಗಬೇಡಿ. ಒಂದು ಡಕ್ಟ್ 100 ಮಿಮೀ ತಪ್ಪು ಎತ್ತರದಲ್ಲಿದ್ರೆ ದಾರಿಯಲ್ಲಿ ಸಿಗೋ ಪ್ರತಿ ಪೈಪು, ಹ್ಯಾಂಗರ್, ಟ್ರೇ ಎಲ್ಲದಕ್ಕೂ ಹೊಡೆದು 40 ಕ್ಲ್ಯಾಶ್ ತೋರಿಸುತ್ತೆ, ಸಮಸ್ಯೆ ಒಂದೇ. ಇನ್ನೆಷ್ಟೋ ಕ್ಲ್ಯಾಶ್ ಸೈಟಲ್ಲಿ ಫಿಟ್ಟರ್ ಒಂದು ಬೆಂಡ್ ಹಾಕಿ ಐದು ನಿಮಿಷದಲ್ಲಿ ಮುಗಿಸೋವಂಥವು. ಗುಂಪು ಮಾಡಿ, ಪ್ರತಿ ಗುಂಪಿಗೆ ಬೆಲೆ ಕಟ್ಟಿ, ಆಮೇಲೆ ಎಣಿಸಿ.

5. ಯಾರ ಜೇಬಿಂದ ಯಾರ ಜೇಬಿಗೆ

ಇದೇ ನನ್ನ ಮುಖ್ಯ ಮಾತು. ಅಮೆರಿಕ ಸರ್ಕಾರದ ಸ್ಟ್ಯಾಂಡರ್ಡ್ಸ್ ಸಂಸ್ಥೆ ಎನ್‌ಐಎಸ್‌ಟಿ 2004ರಲ್ಲಿ ಒಂದು ವರದಿ ಪ್ರಕಟಿಸಿತ್ತು, ಕಟ್ಟಡ ಕ್ಷೇತ್ರದಲ್ಲಿ ಒಬ್ಬರ ಮಾಹಿತಿ ಇನ್ನೊಬ್ಬರ ಸಿಸ್ಟಂಗೆ ಸರಿಯಾಗಿ ಹೋಗದೇ ಇರೋದ್ರಿಂದ ಅಲ್ಲಿ 2002ರಲ್ಲಿ 15.8 ಬಿಲಿಯನ್ ಡಾಲರ್ ನಷ್ಟ ಅಂತ. ಅದರಲ್ಲಿ ಸುಮಾರು 10.6 ಬಿಲಿಯನ್ ಹೊತ್ತಿದ್ದು ಮಾಲೀಕರು ಮತ್ತು ಕಟ್ಟಡ ನಡೆಸೋರು. ಮೂರರಲ್ಲಿ ಎರಡು ಪಾಲು. ಈಗ ನೋಡಿ, ಮಾಡೆಲ್ ಮಾಡೋ ಕಷ್ಟ ಬೀಳೋದು ಆರ್ಕಿಟೆಕ್ಟ್ ಮತ್ತು ಕನ್ಸಲ್ಟೆಂಟ್ ಮೇಲೆ, ನಷ್ಟ ತಪ್ಪೋದು ಮಾಲೀಕರಿಗೆ. ಫೀಸ್ ಹಳೇದೇ ಇದ್ರೆ ಕನ್ಸಲ್ಟೆಂಟ್ ಯಾಕೆ ಮೈಮುರಿದು ಕೆಲಸ ಮಾಡ್ತಾನೆ? ಮಾಡಲ್ಲ. 2ಡಿಯಲ್ಲೇ ಡಿಸೈನ್ ಮುಗಿಸಿ ಕೊನೆಗೆ ಯಾರ ಹತ್ರನೋ ಕಡಿಮೆ ರೇಟಿಗೆ ಮಾಡೆಲ್ ಮಾಡ್ಸಿ ಕೊಟ್ಟುಬಿಡ್ತಾನೆ. ಆ ಮಾಡೆಲ್ ಬರೋ ಹೊತ್ತಿಗೆ ಮೂರು ಸ್ಲ್ಯಾಬ್ ಆಗಿರುತ್ತೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂಗೆ.

ಟೈಮ್ ವಿಷಯವೂ ಹಾಗೇ. ಪ್ಯಾಟ್ರಿಕ್ ಮೆಕ್ಲೀಮಿ ಅನ್ನೋ ಆರ್ಕಿಟೆಕ್ಟ್ ಹೆಸರಲ್ಲಿ ಓಡಾಡೋ ಒಂದು ಗ್ರಾಫ್ ಇದೆ, ಕೆಲಸ ಮುಂದೆ ಹೋದಂಗೆ ಬದಲಾವಣೆ ಮಾಡೋ ಅವಕಾಶ ಕಡಿಮೆ ಆಗುತ್ತೆ, ಅದರ ಖರ್ಚು ಜಾಸ್ತಿ ಆಗುತ್ತೆ, ಅದಕ್ಕೆ ದುಡಿಮೆನ ಮುಂಚೆಗೆ ಎಳ್ಕೊಳ್ಳಿ ಅಂತ. ಚೆನ್ನಾಗಿದೆ, ಆದ್ರೆ ಫೀಸಿನ ಕಂತು ಹಳೇ ಥರನೇ ಇದ್ರೆ ಕನ್ಸಲ್ಟೆಂಟ್ ಮೊದಲ ತಿಂಗಳುಗಳಲ್ಲಿ ಕೈಯಿಂದ ಸಂಬಳ ಕೊಡ್ಬೇಕಾಗುತ್ತೆ. ಹಾಗಾಗಿ ನೀವು ಮಾಲೀಕರಾಗಿದ್ರೆ ಲೆಕ್ಕದ ಹಾಳೆಯಲ್ಲಿ "ಯಾರಿಗೆ ಖರ್ಚು", "ಯಾರಿಗೆ ಲಾಭ" ಅಂತ ಎರಡು ಕಾಲಂ ಹಾಕಿ, ಕನ್ಸಲ್ಟೆಂಟ್ ಫೀಸಿನ ಕಂತು ಮುಂಚೆಗೆ ತನ್ನಿ. ನೀವು ಕನ್ಸಲ್ಟೆಂಟ್ ಆಗಿದ್ರೆ ಮಾಲೀಕರ ಉಳಿತಾಯ ತೋರಿಸಿ ನಿಮ್ಮ ಬಿಐಎಂ ಖರ್ಚನ್ನ ಸಮರ್ಥಿಸ್ಕೊಳ್ಳೋದು ಕಷ್ಟ, ನಿಮ್ಮ ಸ್ವಂತ ಲಾಭ ಏನು ಅಂತ ಬೇರೆ ನೋಡ್ಕೊಳ್ಳಿ: ಡ್ರಾಯಿಂಗ್ ರಿವಿಜನ್‌ನಲ್ಲಿ ಉಳಿಯೋ ಟೈಮ್, ಆರ್‌ಎಫ್‌ಐಗೆ ಉತ್ತರ ಬರೆಯೋ ಟೈಮ್. ಕಾಂಟ್ರಾಕ್ಟರ್ ಆಗಿದ್ರೆ ಇನ್ನೊಂದು ಕಟು ಸತ್ಯ ಇದೆ, ಎಕ್ಸ್‌ಟ್ರಾ ಐಟಂನಿಂದಲೇ ಬದುಕೋ ಕಾಂಟ್ರಾಕ್ಟರ್‌ಗೆ ಕ್ಲ್ಯಾಶ್ ಇಲ್ಲದ ಡ್ರಾಯಿಂಗ್ ನಷ್ಟನೇ. ಲಂಪ್‌ಸಮ್ (ಒಟ್ಟು ಮೊತ್ತ ಮೊದಲೇ ಫಿಕ್ಸ್ ಆಗಿರೋ) ಕೆಲಸ ಆದ್ರೆ ಮಾತ್ರ ಅವನೂ ಖುಷಿಯಾಗಿ ಬರ್ತಾನೆ.

6. ಈಗ ಕೂಡಿಸಿ ಕಳೀರಿ

ಲೆಕ್ಕದ ರೀತಿ ತೋರಿಸೋಕೆ ನಾನೇ ಹಾಕ್ಕೊಂಡ ಅಂಕಿ ಇವು, ನಿಮ್ಮ ಅಂಕಿ ಬೇರೆ ಇರುತ್ತೆ. ಪ್ರಾಜೆಕ್ಟ್ ಒಟ್ಟು ಖರ್ಚು 1000 ಅಂದ್ಕೊಳ್ಳಿ. ಹಳೇ ಫೈಲ್ ಪ್ರಕಾರ ಒಡೆದು ಕಟ್ಟಿದ್ದಕ್ಕೆ ಹೋಗಿದ್ದು 30. ಅದರಲ್ಲಿ ಡ್ರಾಯಿಂಗ್ ಹೊಂದದೇ ಆಗಿದ್ದು 12. ಮಾಡೆಲ್ ಎಲ್ಲವನ್ನೂ ಹಿಡಿಯಲ್ಲ, ಹಿಡಿದ್ರೂ ಎಲ್ಲಾ ಟೈಮ್‌ಗೆ ಸರಿಯಾಗಿ ಹಿಡಿಯಲ್ಲ, ಅರ್ಧ ಅಂದ್ಕೊಳ್ಳೋಣ, ಉಳಿತಾಯ 6. ಖರ್ಚು ಪ್ರತಿ ಪ್ರಾಜೆಕ್ಟಿಗೆ 4, ಮೊದಲ ಸಲದ ಸಾಫ್ಟ್‌ವೇರ್ ಸೆಟಪ್ಪು ಟ್ರೇನಿಂಗು ಟೆಂಪ್ಲೇಟು ಸೇರಿ ಇನ್ನೊಂದು 5.

ಮೊದಲ ಪ್ರಾಜೆಕ್ಟಲ್ಲಿ 9 ಖರ್ಚು, 6 ಉಳಿತಾಯ, 3 ಲಾಸ್. ಎರಡನೇದು ಮುಗಿದಾಗ ಒಟ್ಟು 13 ಖರ್ಚು, 12 ಉಳಿತಾಯ. ಮೂರನೇದಕ್ಕೆ 17ಕ್ಕೆ 18, ಈಗ ಲಾಭಕ್ಕೆ ತಿರುಗ್ತು. ಅಂದ್ರೆ ಒಂದೇ ಕಟ್ಟಡ ಕಟ್ಟೋರು ಸ್ವಂತ ಟೀಮ್ ಕಟ್ಟೋದು ದಡ್ಡತನ, ಗೊತ್ತಿರೋರನ್ನ ಬಾಡಿಗೆಗೆ ತಗೊಳ್ಳೋದು ವಾಸಿ. ಈಗ ಆ "ಅರ್ಧ"ನ ಬದಲಾಯಿಸಿ ನೋಡಿ. ಮೂರರಲ್ಲಿ ಒಂದು ಪಾಲು ಮಾತ್ರ ಟೈಮ್‌ಗೆ ಸಿಕ್ತು ಅಂದ್ರೆ ಉಳಿತಾಯ 4, ಖರ್ಚೂ 4, ಆ ಮೊದಲ 5 ಯಾವತ್ತೂ ವಾಪಸ್ ಬರಲ್ಲ, ಹತ್ತು ಪ್ರಾಜೆಕ್ಟ್ ಮಾಡಿದ್ರೂ. ಇಡೀ ಲೆಕ್ಕ ನಿಂತಿರೋದು ಟೈಮ್‌ಗೆ ಹಿಡಿದ್ವಾ ಅನ್ನೋದ್ರ ಮೇಲೆ, ಸಾಫ್ಟ್‌ವೇರ್ ಬೆಲೆ ಮೇಲೆ ಅಲ್ಲ. ಚಂದಾದಲ್ಲಿ ಡಿಸ್ಕೌಂಟ್‌ಗೆ ತಿಂಗಳುಗಟ್ಟಲೆ ಚೌಕಾಸಿ ಮಾಡಿ ಮಾಡೆಲ್ ಲೇಟ್ ಮಾಡ್ಕೊಂಡೋರನ್ನ ನೋಡಿದೀನಿ, ನಗು ಬರುತ್ತೆ.

7. ಪೂರ್ತಿ ಬೇಡ ಅನ್ನಿಸಿದ್ರೆ

ಒಂದೇ ಥರ ಮಹಡಿಗಳು, ಸರಳ ಪೈಪಿಂಗ್, ಸೆಂಟ್ರಲ್ ಎಸಿ ಇಲ್ಲ, ಅದೇ ಟೀಮ್ ಹಿಂದೆ ಅದೇ ಥರ ಕಟ್ಟಿದೆ ಅಂದ್ರೆ ಬಿಟ್ಹಾಕಿ, ಒಳ್ಳೇ 2ಡಿ ಸಾಕು. ಆಸ್ಪತ್ರೆ, ಲ್ಯಾಬ್, ಡೇಟಾ ಸೆಂಟರ್ ಥರ ಸೀಲಿಂಗ್ ಮೇಲೆ ಕಾಲಿಡೋಕೆ ಜಾಗ ಇಲ್ಲದ ಕಟ್ಟಡಗಳಿಗೆ ಮಾಡ್ಲೇಬೇಕು. ನಡುವಿನವಕ್ಕೆ ಪ್ಲಾಂಟ್ ರೂಮ್, ಶಾಫ್ಟ್, ಟಾಯ್ಲೆಟ್ ಕೋರ್, ಕಾರಿಡಾರ್ ಸೀಲಿಂಗ್ ಇಷ್ಟನ್ನೇ ಮಾಡೆಲ್ ಮಾಡ್ಸಿ, ಜಗಳ ಬಹುಪಾಲು ಅಲ್ಲೇ ಇರೋದು.

ಬಜೆಟ್ ಇಲ್ಲದವರು ಫ್ರೀ ಟೂಲ್‌ಗಳನ್ನೂ ನೋಡಬಹುದು, ಫ್ರೀಕ್ಯಾಡ್ 2024ರಲ್ಲಿ ಬಂದ 1.0 ವರ್ಶನ್‌ನಲ್ಲಿ ಬಿಐಎಂ ಭಾಗನ ಒಳಗೇ ಸೇರಿಸಿದೆ, ಬ್ಲೆಂಡರ್ ಮೇಲೆ ಓಡೋ ಬೊನ್ಸಾಯ್ ಇದೆ. ಕಲಿಯೋಕೆ, ಐಎಫ್‌ಸಿ (ಬೇರೆ ಬೇರೆ ಬಿಐಎಂ ಸಾಫ್ಟ್‌ವೇರ್‌ಗಳಿಗೆ ಹೊಂದೋ ಕಾಮನ್ ಫಾರ್ಮ್ಯಾಟ್) ಫೈಲ್ ತೆಗೆದು ಚೆಕ್ ಮಾಡೋಕೆ ಚೆನ್ನಾಗಿವೆ, ದೊಡ್ಡ ಟೀಮ್ ಒಂದೇ ಮಾಡೆಲ್‌ನಲ್ಲಿ ಕೂತು ಕೆಲಸ ಮಾಡೋಕೆ ನಾನಂತೂ ಇನ್ನೂ ಧೈರ್ಯ ಮಾಡಿಲ್ಲ.

8. ಅಗ್ರಿಮೆಂಟಲ್ಲಿ ಬರೆಸೋದು

2018ರಲ್ಲಿ ಬಂದ ಬಿಐಎಂ ಮಾಹಿತಿ ನಿರ್ವಹಣೆಯ ಐಎಸ್ಒ 19650 ಸ್ಟ್ಯಾಂಡರ್ಡ್ ಪ್ರಕಾರ ಕೆಲಸ ಕೊಡೋರು ಯಾವ ಮಾಹಿತಿ ಬೇಕು ಅಂತ ಬರೆದು ಕೊಡ್ಬೇಕು, ಮಾಡೋರು ಹೇಗೆ ಮಾಡ್ತೀವಿ ಅಂತ ಪ್ಲಾನ್ ಬರೆದು ಕೊಡ್ಬೇಕು. ಮೊದಲ ಹೆಜ್ಜೆಯ ಹಾಳೆ ಇದೆಯಲ್ಲ, ಅದೇ ಇಲ್ಲಿ ಉಪಯೋಗಕ್ಕೆ ಬರುತ್ತೆ. ಜೊತೆಗೆ ಇಷ್ಟು ಸೇರಿಸಿ: ಒರಿಜಿನಲ್ ಫೈಲೂ ಬೇಕು, ಐಎಫ್‌ಸಿ ಫೈಲೂ ಬೇಕು, ಯಾಕಂದ್ರೆ ಹತ್ತು ವರ್ಷ ಆದ ಮೇಲೆ ಆ ಸಾಫ್ಟ್‌ವೇರ್ ಚಂದಾ ನಿಮ್ಮ ಹತ್ರ ಇರುತ್ತೆ ಅಂತ ಗ್ಯಾರಂಟಿ ಇಲ್ಲ. ಮಾಡೆಲ್ ಒಂದು ಹೇಳಿ ಡ್ರಾಯಿಂಗ್ ಇನ್ನೊಂದು ಹೇಳಿದ್ರೆ ಯಾವುದು ಫೈನಲ್ ಅಂತ ಬರೆಸಿ. ಕಟ್ಟಡ ಹಸ್ತಾಂತರದ ಡೇಟಾ ಕೇಳೋವಾಗ ಮೆಂಟೆನೆನ್ಸ್ ಮಾಡೋರನ್ನ ಕೂರಿಸಿ ಕೇಳಿ, ಅವರಿಗೆ ಬೇಕಾಗಿರೋದು ಪಂಪ್‌ನ ಮಾಡೆಲ್ ನಂಬರು, ವಾರಂಟಿ ದಿನಾಂಕ, ವಾಲ್ವ್ ಎಲ್ಲಿದೆ ಅನ್ನೋದು, ಇಟ್ಟಿಗೆಯ ಬಣ್ಣ ಅಲ್ಲ.

ಎಲ್ಲಕ್ಕಿಂತ ಮುಖ್ಯ, ಪ್ರತಿ ಸ್ಲ್ಯಾಬ್‌ಗೂ ಫ್ರೀಜ್ ದಿನಾಂಕ ಹಾಕಿ. ಸೆಂಟ್ರಿಂಗ್ ಶುರುವಾಗೋಕೆ ಇಷ್ಟು ವಾರ ಮುಂಚೆ ಆ ಮಹಡಿಯ ಕೋಆರ್ಡಿನೇಶನ್ ಮುಗಿದು ಸ್ಲೀವ್ ಡ್ರಾಯಿಂಗ್ ಸೈಟಿಗೆ ಬಂದಿರ್ಬೇಕು, ಬರದಿದ್ರೆ ಆ ಕಂತಿನ ಪೇಮೆಂಟ್ ಇಲ್ಲ ಅಂತ. ಈ ಒಂದು ಸಾಲು ಇಲ್ಲದೆ ಉಳಿದಿದ್ದೆಲ್ಲ ಇದ್ರೂ ಊಟಕ್ಕಿಲ್ಲದ ಉಪ್ಪಿನಕಾಯಿ.

9. ಮೊದಲ ಪ್ರಾಜೆಕ್ಟಲ್ಲಿ ಬರೆದಿಡೋದು

ಒಂದು ಎಕ್ಸೆಲ್ ಶೀಟ್ ಸಾಕು. ಸಿಕ್ಕ ಪ್ರತಿ ದೊಡ್ಡ ಸಮಸ್ಯೆಗೆ ಒಂದು ಸಾಲು: ಯಾವ ಜಾಗ, ಯಾವತ್ತು ಸಿಕ್ತು, ಯಾರು ಸರಿ ಮಾಡ್ಬೇಕು, ಸರಿ ಮಾಡೋಕೆ ಎಷ್ಟು ಗಂಟೆ ಹಿಡೀತು, ಹಾಗೇ ಬಿಟ್ಟಿದ್ರೆ ಎಷ್ಟು ಖರ್ಚಾಗ್ತಿತ್ತು ಅಂತ ಸೈಟ್ ಇಂಜಿನಿಯರ್ ಅಂದಾಜು. ಈ ಅಂದಾಜನ್ನ ಮಾಡೆಲ್ ಮಾಡಿದವನ ಹತ್ರ ಹಾಕಿಸ್ಬೇಡಿ, ಅವನಿಗೆ ತನ್ನ ಕ್ಲ್ಯಾಶ್ ಎಲ್ಲಾ ದೊಡ್ಡದೇ. ಕೊನೇ ಕಾಲಂಗೆ "ಆ ದಿನ ಅಲ್ಲಿ ಕಾಂಕ್ರೀಟ್ ಆಗಿತ್ತಾ" ಅಂತ ಹೆಸರಿಡಿ, ಹೌದು ಅಥವಾ ಇಲ್ಲ ಅಂತ ಮಾತ್ರ ತುಂಬಿ. ಮಾಡೆಲ್‌ನಲ್ಲಿ ತಪ್ಪಿಸಿಕೊಂಡು ಸೈಟಲ್ಲೇ ಗೊತ್ತಾದವನ್ನೂ ಇದೇ ಶೀಟಿಗೆ ಹಾಕಿ, ನಾಚ್ಕೋಬೇಡಿ. ಪ್ರಾಜೆಕ್ಟ್ ಮುಗಿದಾಗ "ಇಲ್ಲ" ಅಂತಿರೋ ಸಾಲುಗಳ ಅಂದಾಜು ಖರ್ಚನ್ನ ಕೂಡಿಸಿ, ಎಲ್ಲಾ ಸಾಲುಗಳ ಒಟ್ಟು ಅಂದಾಜಿನಿಂದ ಭಾಗಿಸಿ, ಆರನೇ ಹೆಜ್ಜೆಯಲ್ಲಿ ನಾನು "ಅರ್ಧ" ಅಂತ ಊಹೆ ಮಾಡಿದ ಜಾಗದಲ್ಲಿ ಆ ಅಂಕಿ ಹಾಕಿ.